180 ಡಿಗ್ರಿ, ಒಂದು ಹಿಡಿ ರವೆ

ಈಕ್ವಲೈಜರ್ ಎಂಬುದು ನಿವೃತ್ತ ಗಂಡಸಿನ ಕೈಗೆ ಸಿಗಬಾರದ ಸಾಮಾನು. ಅವನಿಗೆ ಹೊತ್ತು ಬೇಕಾದಷ್ಟಿರುತ್ತದೆ, ಕಿವಿ ಅರ್ಧ ಹೋಗಿರುತ್ತದೆ, ಉಳಿದರ್ಧದ ಮೇಲಿನ ಅಭಿಮಾನ ಮಾತ್ರ ಇಪ್ಪತ್ತರ ಪ್ರಾಯದ್ದು. ಬ್ಯಾಂಕಿನಿಂದ ಬಿಡುಗಡೆಯಾದ ಮೇಲೆ ನಾನು ಭಜನಾ ಮಂಡಳಿ ಸೇರಬಹುದಿತ್ತು, ಷೇರುಪೇಟೆಯಲ್ಲಿ ಪಿ.ಎಫ್. ಕರಗಿಸಬಹುದಿತ್ತು. ಎರಡನ್ನೂ ಬಿಟ್ಟು ಶಬ್ದ ತಿದ್ದಲು ಕೂತೆ.

ನಮ್ಮ ಕಾಲದವರ ಈಕ್ವಲೈಜರ್ ಜ್ಞಾನವೆಲ್ಲ ರೇಡಿಯೋ-ಕ್ಯಾಸೆಟ್ ಟೂ-ಇನ್-ಒನ್ನಿನ ಮುಖದ ಮೇಲಿದ್ದ ಐದು ಕಡ್ಡಿಗಳಿಂದ ಬಂದದ್ದು. ನಡುವಿನದನ್ನು ಕೆಳಗೆಳೆದು, ತುದಿಯವೆರಡನ್ನು ಮೇಲಕ್ಕೆ ದೂಡಿ, ಸಾಲಾಗಿ ನಗುಮುಖ ಮಾಡಿಟ್ಟರೆ ಮುಗಿಯಿತು. ಘಂಟಸಾಲರಿಗೂ ಅದೇ, ಗಂಗೂಬಾಯಿಯವರಿಗೂ ಅದೇ, ಕ್ರಿಕೆಟ್ ಕಾಮೆಂಟರಿಗೂ ಅದೇ. ಆ ಕಡ್ಡಿಗಳು ಶಬ್ದದ ಒಂದೊಂದು ಭಾಗವನ್ನು ಏರಿಸಿ ಇಳಿಸುವುದರ ಜೊತೆಗೆ, ಆ ಭಾಗವನ್ನು ಕಾಲದಲ್ಲೂ ಚೂರು ಹಿಂದೆ ಮುಂದೆ ಸರಿಸುತ್ತವೆ ಎಂದು ಯಾರೂ ನಮಗೆ ಹೇಳಲಿಲ್ಲ. ಹೇಳಿದ್ದರೆ, ಸರಿಯುವುದಾದರೆ ಸರಿಯಲಿ ಬಿಡಿ ಎನ್ನುತ್ತಿದ್ದೆವು.

ಈಗ ಕಂಪ್ಯೂಟರಿನಲ್ಲಿ ಪುಕ್ಕಟೆ ಸಿಗುವ ತಂತ್ರಾಂಶದಲ್ಲಿ ಕಡ್ಡಿಗಳಿಲ್ಲ, ಒಂದು ಗೆರೆಯಿದೆ. ಇಲಿಯಿಂದ ಹಿಡಿದೆಳೆದಂತೆ ಬಾಗುತ್ತದೆ. ಇಷ್ಟು ವಿಧೇಯವಾದದ್ದನ್ನು ನಾನು ಮನೆಯಲ್ಲಾಗಲಿ ಕಚೇರಿಯಲ್ಲಾಗಲಿ ಕಂಡವನಲ್ಲ. ಸಿಕ್ಕಿದ್ದಕ್ಕೆಲ್ಲ ಗೆರೆ ಬಾಗಿಸಿದೆ. ಮಗಳ ಮದುವೆಯ ವೀಡಿಯೋದಲ್ಲಿ ಪುರೋಹಿತರ ಮೂಗಿನ ಸ್ವರ ತೆಗೆದೆ, ಅದರ ಜೊತೆ ಅರ್ಧ ಮಂತ್ರವೂ ಹೋಯಿತು. 'ಬರುವಾಗ ಹಾಲು ತನ್ನಿ' ಎಂದು ಹೆಂಡತಿ ಕಳಿಸಿದ್ದ ಧ್ವನಿ ಸಂದೇಶವನ್ನು 3 ಕಿಲೋಹರ್ಟ್ಸ್ ಬಳಿ ಒಂದಿಷ್ಟು ತಗ್ಗಿಸಿ ಮತ್ತೆ ಕೇಳಿದೆ. ಬಹಳ ಮೃದುವಾಗಿತ್ತು. ಹಾಲು ತರುವುದು ಮರೆತೆ.

ಇಂಥ ಸ್ಥಿತಿಯಲ್ಲಿದ್ದಾಗ ಮೃದಂಗದ ಮೇಷ್ಟ್ರು ಸಿಕ್ಕಿದರು. ಹನುಮಂತನಗರದಲ್ಲಿ ನಮ್ಮ ಬೀದಿಯ ತುದಿಯ ಮನೆ ಅವರದು. ಭಾನುವಾರ ಬೆಳಿಗ್ಗೆ ಅವರ ಜಗಲಿಯ ಮೇಲೆ ಚಪ್ಪಲಿಗಳ ಸಂತೆ, ಒಳಗೆ ಮಕ್ಕಳ 'ತ ದಿ ತೊಂ ನಂ'. ಎಪ್ಪತ್ತು ದಾಟಿದ ಮೇಷ್ಟ್ರು ಮೆಲುಮಾತಿನವರು, ತೊಪ್ಪಿಯಲ್ಲಿ ಮಾತ್ರ ಗುಡುಗುವವರು. ಮೃದಂಗದ ಎಡಗಡೆಗೆ ತೊಪ್ಪಿ ಎನ್ನುತ್ತಾರೆ. ಅದರ ಮೇಲೆ ಎಡಗೈಯ ಬುಡವನ್ನು ಒತ್ತಿ ಜಾರಿಸಿದಾಗ ನಾದ ಕೆಳಗಿನಿಂದ ಮೇಲಕ್ಕೆ ಉರುಳಿಕೊಂಡು ಬರುತ್ತದಲ್ಲ, ಆ ಗುಮ್ಕಿಗೆ ನಮ್ಮ ಮೇಷ್ಟ್ರು ಹೆಸರುವಾಸಿ.

"ಒಂದು ತನಿ ಆವರ್ತನ ರೆಕಾರ್ಡ್ ಮಾಡಿ ಮಗನಿಗೆ ಕಳಿಸಬೇಕಿತ್ತು. ಸ್ಟುಡಿಯೋಗೆ ಹೋದ್ರೆ ಗಂಟೆ ಲೆಕ್ಕದಲ್ಲಿ ಕೇಳ್ತಾರೆ," ಎಂದರು.

"ನಾನಿಲ್ವೆ ಮೇಷ್ಟ್ರೆ!" ಎಂದೆ. ಮುಂದಿನದಕ್ಕೆಲ್ಲ ಮೂಲ ಈ ಎರಡು ಪದ.

ಗಣೇಶನ ಪೆಂಡಾಲಿಗೆ ಮೈಕ್‌ಸೆಟ್ ಹಾಕುವ ಹುಡುಗನಿಂದ ಎರಡು ಮೈಕು, ಒಂದು ಪುಟ್ಟ ಮಿಕ್ಸರು ಎರವಲು ತಂದೆ. ಕೊಡುವಾಗ ಅವನು, "ಸಾರ್, ಎರಡು ಮೈಕಲ್ಲಿ ಒಂದಕ್ಕೆ ಈ ಗುಂಡಿ ಒತ್ತಿ. ಸೊನ್ನೆಗೆ ಅಡ್ಡಗೀಟು ಹಾಕಿದೆಯಲ್ಲ, ಇದು. ಮೃದಂಗ, ಡೋಲು, ಎರಡು ಕಡೆ ಮೈಕ್ ಇಟ್ರೆ ಒತ್ತಲೇಬೇಕು," ಎಂದ. ಯಾಕೆ ಎಂದು ಕೇಳುವುದು ನನ್ನ ಅಂತಸ್ತಿಗೆ ಕಡಿಮೆ ಎನಿಸಿ, "ಗೊತ್ತು ಗೊತ್ತು" ಎಂದು ಒತ್ತಿದೆ. ಈ ಇಡೀ ಪ್ರಕರಣದಲ್ಲಿ ನಾನು ಮಾಡಿದ ಸರಿಯಾದ ಕೆಲಸ ಅದೊಂದೇ, ಅದೂ ನನ್ನದಲ್ಲ.

ಮೇಷ್ಟ್ರು ನಮ್ಮ ನಡುಮನೆಯಲ್ಲಿ ಚಾಪೆ ಹಾಕಿ ಕೂತರು. ಗೋಡೆಗೆ ಹಾಸಿಗೆ ನಿಲ್ಲಿಸಿದೆ, ಫ್ಯಾನು ಆರಿಸಿದೆ, ಕುಕ್ಕರ್ ಇಡಕೂಡದೆಂದು ಅಡುಗೆಮನೆಗೆ ಸುತ್ತೋಲೆ ಹೊರಡಿಸಿದೆ. ಅವರು ಚಿರೋಟಿ ರವೆಯನ್ನು ನೀರಲ್ಲಿ ನಾದಿ ತೊಪ್ಪಿಯ ನಡುವೆ ಮೆತ್ತುತ್ತ ಕೂತಿರುವಾಗ, ಸುಮ್ಮನಿರಲಾರದೆ ನನ್ನ ವಿಜ್ಞಾನ ಬಿಚ್ಚಿದೆ. ಬರಿಯ ಚರ್ಮ ಹೊಡೆದರೆ ಹುಟ್ಟುವ ಕಂಪನಗಳಿಗೆ ಒಂದಕ್ಕೊಂದು ಶ್ರುತಿ ಸಂಬಂಧವಿಲ್ಲ, ಬಲಗಡೆ ಚರ್ಮದ ನಡುವಿನ ಕಪ್ಪು ಲೇಪ, ಅಂದರೆ ಕರಣೆಯ ಭಾರದಿಂದಾಗಿ ಮೊದಲ ಒಂಬತ್ತು ಬಗೆಯ ಕಂಪನಗಳು ಐದೇ ಸ್ವರಗಳಲ್ಲಿ ಬಂದು ಸೇರಿ, ಆ ಐದೂ ಸಾಲಾಗಿ ಶ್ರುತಿಗೂಡುತ್ತವೆ, ಇದನ್ನು ಸಿ.ವಿ. ರಾಮನ್ ಕಲ್ಕತ್ತೆಯಲ್ಲಿದ್ದಾಗ 1920ರಲ್ಲೇ 'ನೇಚರ್' ಪತ್ರಿಕೆಯಲ್ಲಿ ಬರೆದರು, ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಇನ್ನೂ ವಿವರವಾಗಿ ಬರೆದರು ಎಂದೆಲ್ಲ ಹೇಳಿದೆ.

ಮೇಷ್ಟ್ರು ರವೆಯ ಅಂಚು ತೀಡುತ್ತ, "ಒಳ್ಳೇದು. ನಮ್ಮ ಕರಣೆ ಹಾಕೋ ಹುಡುಗನಿಗೂ ಹೇಳ್ತೀನಿ, ಸಂತೋಷ ಪಡ್ತಾನೆ," ಎಂದರು.

ನುಡಿಸಾಣಿಕೆ ಅದ್ಭುತವಾಗಿತ್ತು. ಅದರ ಬಗ್ಗೆ ನಾನೇನೂ ಹೇಳುವಂತಿಲ್ಲ, ಯಾಕೆಂದರೆ ಪೂರ್ತಿ ಹೊತ್ತು ಮೀಟರಿನ ಹಸಿರು ದೀಪಗಳನ್ನೇ ನೋಡುತ್ತಿದ್ದೆ.

ರಾತ್ರಿ ಎಲ್ಲರೂ ಮಲಗಿದ ಮೇಲೆ ತಿದ್ದುಪಡಿಗೆ ಕೂತೆ. ಬಲಗಡೆಯ ಮೈಕನ್ನೊಂದೇ ಕೇಳಿದೆ. ಚಾಪು, ಮೀಟು, ಎಲ್ಲ ಸ್ಪಷ್ಟ. ಆದರೆ ಅದರೊಳಗೆ ತೊಪ್ಪಿಯ ಗುಂಕಾರವೂ ನುಗ್ಗಿತ್ತು. ಬಲಕ್ಕೆ ಬಲದ ನಾದ, ಎಡಕ್ಕೆ ಎಡದ ನಾದ ಎಂದು ವಿಂಗಡಿಸಿಡುವ ಶಿಸ್ತಿನ ಮನುಷ್ಯ ನಾನು. ಬಲಗಡೆಯ ಟ್ರ್ಯಾಕಿಗೆ ಒಂದು ಲೋ-ಕಟ್ ಹಾಕಿದೆ: 100 ಹರ್ಟ್ಸಿಗಿಂತ ಕೆಳಗಿನದನ್ನು ಪ್ರತಿ ಸ್ಥಾಯಿಗೆ 24 ಡೆಸಿಬಲ್‌ನಂತೆ ಕಡಿದುಹಾಕುವುದು. 12 ಡೆಸಿಬಲ್ಲಿನದೂ ಇತ್ತು. ಕಡಿಯುವುದಾದರೆ ಸರಿಯಾಗಿ ಕಡಿಯೋಣ ಎಂದುಕೊಂಡೆ. ಬಲಗಡೆಯದನ್ನೊಂದೇ ಕೇಳಿದೆ, ಸ್ಫಟಿಕ. ಎಡಗಡೆಯದನ್ನೊಂದೇ ಕೇಳಿದೆ, ಗುಡುಗು. ಎರಡೂ ಪ್ರತ್ಯೇಕವಾಗಿ ಪಾಸಾದ ಮೇಲೆ ಒಟ್ಟಿಗೆ ಕೇಳುವುದೇನಿದೆ ಎಂದು ಕಡತ ಮುಚ್ಚಿ ಮೇಷ್ಟ್ರಿಗೆ ಕಳಿಸಿ ಮಲಗಿದೆ.

ಮಾರನೆಯ ದಿನ ಅವರ ಮನೆಗೆ ಹೋದೆ, ಹೊಗಳಿಕೆ ಸ್ವೀಕರಿಸಲು. ಮಗ ತಂದುಕೊಟ್ಟ ಮೊಣಕಾಲೆತ್ತರದ ಸ್ಪೀಕರುಗಳೆರಡು ಅವರಲ್ಲಿವೆ. ಅದರಲ್ಲಿ ಹಾಕಿದರು. ಬಲ ಖಣಖಣ ಎಂದಿತು. ತೊಪ್ಪಿ ಬರಬೇಕಾದ ಜಾಗದಲ್ಲಿ ಯಾರೋ ಪಕ್ಕದ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆ ತಟ್ಟಿದರು.

ಮೇಷ್ಟ್ರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ ಎಡ ಅಂಗೈಯನ್ನು ತಿರುಗಿಸಿ ನೋಡಿಕೊಂಡು, "ತೊಪ್ಪಿ ಮಾತಾಡ್ತಾ ಇಲ್ಲ ಅಲ್ವೆ? ಕೂತಿದ್ದಾಗ ಗೊತ್ತಾಗ್ಲಿಲ್ಲ ನೋಡಿ. ವಯಸ್ಸಾಯ್ತು," ಎಂದರು.

ಸಜ್ಜನನಾದವನು ಆ ಕ್ಷಣದಲ್ಲಿ, "ಇಲ್ಲ ಮೇಷ್ಟ್ರೆ, ರಾತ್ರಿ ನಾನು ಏನೋ ಬಾಗಿಸಿದೆ" ಎನ್ನುತ್ತಿದ್ದ. ನಾನು ಕಾಫಿ ಲೋಟ ಕೆಳಗಿಟ್ಟು, "ರವೆ ಸ್ವಲ್ಪ ಕಮ್ಮಿ ಆಗಿತ್ತೇನೋ" ಎಂದೆ.

ಆ ಮಾತು ನನ್ನ ಬಾಯಿಂದ ಯಾಕೆ ಬಂತೋ ದೇವರೇ ಬಲ್ಲ. ಮೇಷ್ಟ್ರ ಮುಖದಲ್ಲಿ ಕಳೆ ಬಂತು. "ಇರಬಹುದು ರೀ! ಮತ್ತೊಂದು ಸಲ ಕೂರೋಣ."

ಮತ್ತೊಂದು ಸಲ ಕೂತೆವು. ಈ ಬಾರಿ ತೊಪ್ಪಿಯ ಮೇಲೆ ರವೆಯ ಸಣ್ಣ ಗುಡ್ಡ. ಇತ್ತ ರಾತ್ರಿ ನನ್ನ ಕಡೆಯಿಂದಲೂ ಸುಧಾರಣೆ ನಡೆಯಿತು. ಬಾಸ್ ಇಲ್ಲವೆಂದರೆ ಬಲಗಡೆಯ ಕಡಿತ ಸಾಲದೆಂದೇ ಅರ್ಥ ಎಂದು ತೀರ್ಮಾನಿಸಿ 24 ಇದ್ದದ್ದನ್ನು 48 ಡೆಸಿಬಲ್ ಮಾಡಿದೆ. ಜೊತೆಗೆ ಒಟ್ಟು ಮಿಶ್ರಣಕ್ಕೆ ತಳದ ಸ್ವರಗಳಲ್ಲಿ ಅಗಲವಾದ ಒಂದು ಉಬ್ಬು. ಈಗ ತೊಪ್ಪಿಯ ಕೆಲವು ಪೆಟ್ಟುಗಳಿಗೆ ಷೋಕೇಸಿನ ಗಾಜು ಅದುರಿತು, ಕೆಲವಕ್ಕೆ ಏನೂ ಇಲ್ಲ. ಗುಮ್ಕಿಯದು ಇನ್ನೂ ವಿಚಿತ್ರ. ಮೇಷ್ಟ್ರು ಕೆಳಗಿನಿಂದ ನಾದವನ್ನು ಉರುಳಿಸಿಕೊಂಡು ಬರುತ್ತಾರೆ, ಅರ್ಧ ದಾರಿಯಲ್ಲಿ ಅದು ಕಾಣೆಯಾಗುತ್ತದೆ, ಮೇಲೆ ಹೋಗಿ ಏನೂ ಆಗಿಲ್ಲವೆಂಬಂತೆ ಮತ್ತೆ ಹಾಜರಾಗುತ್ತದೆ.

ಎಲ್ಲೋ ಓದಿದ್ದ ನೆನಪಾಗಿ ಎಡಗಡೆಯ ಟ್ರ್ಯಾಕನ್ನು ಒಂದು ಮಿಲಿಸೆಕೆಂಡು ಮುಂದಕ್ಕೆ ದೂಡಿಯೂ ನೋಡಿದೆ. ಒಂದು ಮಿಲಿಸೆಕೆಂಡಿನಲ್ಲಿ ಶಬ್ದ ಗಾಳಿಯಲ್ಲಿ ಸಾಗುವುದು ಸುಮಾರು 34 ಸೆಂಟಿಮೀಟರು, ಒಂದು ಮೊಳಕ್ಕೂ ಕಡಿಮೆ. ಅಷ್ಟರಲ್ಲಿ ಏನಾದೀತು? 100 ಹರ್ಟ್ಸಿನಲ್ಲಿ ಏನೂ ಆಗಲಿಲ್ಲ ಎನ್ನಬಹುದು. ಆದರೆ ಒಂದೇ ನಾದದ ಎರಡು ಪ್ರತಿಗಳ ನಡುವೆ ಅಷ್ಟು ಅಂತರ ಬಿದ್ದರೆ 500 ಹರ್ಟ್ಸಿನಲ್ಲಿ ಒಂದು ಹಳ್ಳ, 1500ರಲ್ಲಿ ಒಂದು, 2500ರಲ್ಲಿ ಇನ್ನೊಂದು, ಹೀಗೆ ಮೇಲಿನವರೆಗೂ ಹಳ್ಳಗಳ ಸಾಲೇ ಬೀಳುತ್ತದಂತೆ. ಅಲ್ಲಿಯವರೆಗೆ ಚೆನ್ನಾಗಿದ್ದ ಬಲಗಡೆಯ ನಾದವೂ ಈಗ ಕೊಳವೆಯೊಳಗಿನಿಂದ ಕೇಳಿಸತೊಡಗಿತು. ಕೆಡದೆ ಉಳಿದಿದ್ದ ಒಂದನ್ನೂ ಕೆಡಿಸಿದ ಸಮಾಧಾನದಿಂದ ಮಲಗಿದೆ.

ಆ ರೆಕಾರ್ಡಿಂಗ್ ಕೇಳಿದ ಮೇಲೆ ಮೇಷ್ಟ್ರು ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಎಡಗೈ ಸಾಧನೆ ಶುರುಮಾಡಿದರು. ನಮ್ಮ ಮನೆಯವರೆಗೂ ಕೇಳುತ್ತಿತ್ತು: ದೊಂ, ದೊಂ, ದೊಂ. ಏಳು ದಶಕ ದಾಟಿದ ವಿದ್ವಾಂಸರೊಬ್ಬರು ಮೊದಲ ಪಾಠಕ್ಕೆ ಹಿಂದಿರುಗಿದ್ದರು, ನನ್ನ ಫಿಲ್ಟರಿನ ದೆಸೆಯಿಂದ. ಹಾಸಿಗೆಯಲ್ಲಿ ಮಗ್ಗುಲಾಗುತ್ತ ನನ್ನ ಹೆಂಡತಿ, "ಪಾಪ, ಇಷ್ಟು ಜೋರಾಗಿ ನುಡಿಸ್ತಾರೆ. ನಿಮ್ಮ ಕಂಪ್ಯೂಟರಿಗೆ ಮಾತ್ರ ಕೇಳಿಸಲ್ವಂತೆ," ಎಂದಳು. ನನಗೆ ನಿದ್ದೆ ಬಂದಂತಿತ್ತು.

ಚಿರೋಟಿ ರವೆ ಹೋಗಿ ಬಾಂಬೆ ರವೆ ಬಂತು. ಮೇಷ್ಟ್ರ ಮನೆಯಲ್ಲಿ ಉಪ್ಪಿಟ್ಟು ನಿಂತಿತು ಎಂದು ಅವರ ಮನೆಯವರು ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡರು. ತೊಪ್ಪಿಯ ಮೇಲೆ ಭಾರ ಹೆಚ್ಚಿದಷ್ಟೂ ಅದರ ಶ್ರುತಿ ತಗ್ಗುತ್ತದೆ. ಶ್ರುತಿ ತಗ್ಗಿದಷ್ಟೂ ಅದು ನನ್ನ ಫಿಲ್ಟರ್ ತೋಡಿದ್ದ ಹಳ್ಳದಿಂದ ತಪ್ಪಿಸಿಕೊಂಡು ಕೆಳಗಿಳಿಯುತ್ತಿತ್ತು. ಹಾಗಾಗಿ ರವೆ ಮೆತ್ತಿದಾಗಲೆಲ್ಲ ಒಂಚೂರು ಸುಧಾರಿಸಿದಂತೆ ಕೇಳಿಸುತ್ತಿತ್ತು ಕೂಡ. ಅವರ ನಂಬಿಕೆಗೆ ಆಧಾರವಿಲ್ಲದಿರಲಿಲ್ಲ.

ಅಷ್ಟರಲ್ಲಿ ನಾನು 'ಲೀನಿಯರ್ ಫೇಸ್' ಎಂಬ ಗುಂಡಿಯನ್ನು ಪತ್ತೆಹಚ್ಚಿದ್ದೆ. ಸಾಮಾನ್ಯ ಈಕ್ವಲೈಜರಿನಲ್ಲಿ ಒಂದೊಂದು ಕಂಪನ ಒಂದೊಂದು ಅಳತೆಗೆ ಸರಿಯುತ್ತದೆ, ಇದರಲ್ಲಿ ಎಲ್ಲವೂ ಒಂದೇ ಅಳತೆಗೆ ತಡವಾಗುತ್ತವೆ, ಆದ್ದರಿಂದ ಫೇಸಿನ, ಅಂದರೆ ಅಲೆಗಳ ಈ ಸರಿದಾಟದ, ರಗಳೆಯೇ ಇಲ್ಲ ಎಂದು ಅಲ್ಲಿ ಬರೆದಿತ್ತು. ರಗಳೆಯೇ ಇಲ್ಲದ ಗುಂಡಿಯೊಂದು ಇದ್ದಮೇಲೆ ಇಷ್ಟು ದಿನ ಅದನ್ನು ನನ್ನಿಂದ ಮುಚ್ಚಿಟ್ಟವರಾರು ಎಂದು ಸಿಟ್ಟು ಬಂತು. ಈ ಬಾರಿ ಮೇಷ್ಟ್ರು ನುಡಿಸುವಾಗಲೇ ತಿದ್ದಿದ ನಾದ ಅವರ ಕಿವಿಗೆ ಬೀಳಲಿ ಎಂದು ಅವರಿಗೆ ಹೆಡ್‌ಫೋನ್ ಹಾಕಿಸಿ ಕೂರಿಸಿದೆ.

ಎಲ್ಲವನ್ನೂ ಒಂದೇ ಅಳತೆಗೆ ತಡಮಾಡಬೇಕಾದರೆ ಮೊದಲು ತಡಮಾಡಬೇಕು ಎಂಬ ಸಣ್ಣ ಸಂಗತಿ ನನಗೆ ಹೊಳೆದಿರಲಿಲ್ಲ. ಫಿಲ್ಟರಿನ ಉದ್ದ 4096 ಸ್ಯಾಂಪಲ್ ಆದರೆ ಅದರ ಅರ್ಧದಷ್ಟು ಕಾಯಬೇಕು. ಸೆಕೆಂಡಿಗೆ 48,000 ಸ್ಯಾಂಪಲ್‌ಗಳ ಲೆಕ್ಕದಲ್ಲಿ ಸುಮಾರು 43 ಮಿಲಿಸೆಕೆಂಡು. ರೆಕಾರ್ಡ್ ಆದದ್ದನ್ನು ಆಮೇಲೆ ತಿದ್ದುವಾಗ ತಂತ್ರಾಂಶವೇ ಬೇರೆ ಟ್ರ್ಯಾಕುಗಳನ್ನೂ ಅಷ್ಟೇ ಹಿಂದಕ್ಕೆಳೆದು ಸರಿಹೊಂದಿಸುತ್ತದೆ. ನುಡಿಸುತ್ತಿರುವ ಮನುಷ್ಯನನ್ನು ಹಿಂದಕ್ಕೆಳೆಯುವುದು ಹೇಗೆ? 43 ಮಿಲಿಸೆಕೆಂಡೆಂದರೆ ಹದಿನೈದು ಮೀಟರು ದೂರದಿಂದ ಶಬ್ದ ಬಂದಂತೆ. ಮೇಷ್ಟ್ರ ಕೈ ನಮ್ಮ ನಡುಮನೆಯಲ್ಲಿ, ಮೃದಂಗ ಎದುರುಮನೆಯ ಕಾಂಪೌಂಡಿನಲ್ಲಿ.

ಆದಿತಾಳ ಎರಡು ಆವರ್ತ ನಡೆಯಿತು. ಮೂರನೆಯದರಲ್ಲಿ ಅವರು ತಡವರಿಸಿದರು. ಐವತ್ತು ವರ್ಷ ಲಯ ತಪ್ಪದ ಮನುಷ್ಯ ನಿಲ್ಲಿಸಿ, ಹೆಡ್‌ಫೋನ್ ಕಳಚಿ, ಹಿಂದೆ ತಿರುಗಿ ನೋಡಿದರು.

"ಯಾರೋ ಶಿಷ್ಯ ನನ್ನ ಬೆನ್ನ ಹಿಂದೆ ಕೂತು ಜೊತೆಗೆ ನುಡಿಸ್ತಾ ಇದಾನೆ ರೀ. ಲಯ ಒಂದು ಗುಲಗಂಜಿಯಷ್ಟೂ ಇಲ್ಲ ಅವನಿಗೆ."

ಹೆಡ್‌ಫೋನ್ ಇಲ್ಲದೆ ನುಡಿಸಿದರು. ರಾತ್ರಿ ಅದೇ ಲೀನಿಯರ್ ಫೇಸಿನಲ್ಲಿ, ಅದೇ 48 ಡೆಸಿಬಲ್ ಕಡಿತ ಇಟ್ಟುಕೊಂಡು ತಿದ್ದಿದೆ. ಬಾಸ್ ಬಂತು! ಎದ್ದು ಕುಣಿಯುವುದೊಂದು ಬಾಕಿ. ಬೆಳಿಗ್ಗೆ ಮೇಷ್ಟ್ರಿಗೆ ಕೇಳಿಸಿದರೆ ಅವರು ಹುಬ್ಬು ಗಂಟಿಕ್ಕಿದರು. "ಚೆನ್ನಾಗಿದೆ. ಆದ್ರೆ ನಾನು ಹೊಡೆಯೋಕೆ ಮುಂಚೆನೇ ಸಣ್ಣಗೆ 'ಉಂ' ಅನ್ನುತ್ತಲ್ಲ?"

ನಕ್ಕುಬಿಟ್ಟೆ. ಪೆಟ್ಟು ಬೀಳುವ ಮುಂಚೆ ನಾದ ಹುಟ್ಟುವುದುಂಟೆ? ಕಿವಿಗೊಟ್ಟು ಕೇಳಿದೆ. ಅನ್ನುತ್ತಿತ್ತು. ಕಂಪ್ಯೂಟರಿನಲ್ಲಿ ಅಲೆಯನ್ನು ಹಿಗ್ಗಿಸಿ ನೋಡಿದೆ. ಪೆಟ್ಟಿನ ಕಡಿದಾದ ಗೋಡೆಯ ಮುಂದೆ ಸಣ್ಣ ಸಣ್ಣ ಅಲೆಗಳ ಸಾಲು ಕಾಣಿಸಿತು. ನಮ್ಮ ಮನೆಯಲ್ಲಿ ಕಾರ್ಯ ಮೊದಲು, ಕಾರಣ ಆಮೇಲೆ ಎಂಬ ಸ್ಥಿತಿ ಬಂದಿತ್ತು. ಶನಿವಾರ ಆಂಜನೇಯನಿಗೆ ಎಣ್ಣೆ ದೀಪ ಹಚ್ಚಿ ಬಂದೆ.

ಅಂದು ಮಧ್ಯಾಹ್ನ ಊಟಕ್ಕೆ ಬಂದವಳು ಅಕ್ಕನ ಮಗಳು. ಕಿವಿ ಮಂದವಾದವರು ಹಾಕಿಕೊಳ್ಳುವ ಯಂತ್ರದೊಳಗಿನ ಚಿಪ್ಪಿಗೆ ಪ್ರೋಗ್ರಾಮ್ ಬರೆಯುವುದು ಅವಳ ಕೆಲಸ. ಇಷ್ಟು ದಿನ ಅವಳ ಕೆಲಸವೇನೆಂದು ನಾನು ಕೇಳಿಯೇ ಇರಲಿಲ್ಲ, ಮದುವೆ ಯಾವಾಗ ಎಂದಷ್ಟೇ ಕೇಳುತ್ತಿದ್ದೆ. 'ಉಂ'ನ ಕಥೆ ಹೇಳಿದೆ. ಅನ್ನಕ್ಕೆ ಸಾರು ಬಡಿಸಿಕೊಳ್ಳುತ್ತಲೇ, "ಪೆಟ್ಟಿಗೆ ಮುಂಚೆ 'ಉಂ' ಅನ್ನುತ್ತಾ? ಲೀನಿಯರ್ ಫೇಸ್ ಹಾಕಿ, ತಳದಲ್ಲಿ ಕಡಿದಾಗಿ ಕಟ್ ಮಾಡಿದೀಯ ಅಲ್ವಾ ಮಾಮ?" ಎಂದಳು. ಜಾತಕ ನೋಡದೆ ಭವಿಷ್ಯ ಹೇಳುವವರನ್ನು ಕಂಡಷ್ಟು ಬೆರಗಾಯಿತು.

ಊಟವಾದ ಮೇಲೆ ನನ್ನ ಕುರ್ಚಿಯಲ್ಲಿ ಕೂತಳು. ಮೊದಲು ಮಾಡಿದ್ದು ನನ್ನ ಎಲ್ಲ ಗೆರೆಗಳನ್ನೂ ಚಪ್ಪಟೆ ಮಾಡಿದ್ದು. ತೊಪ್ಪಿ ಘುಂ ಎಂದಿತು. ಮೇಷ್ಟ್ರು ಮೊದಲ ದಿನ ನುಡಿಸಿದ್ದು, ಯಾರೂ ಮುಟ್ಟದೆ ಇದ್ದದ್ದು. ಬಲಗಡೆಗೆ ನನ್ನ 24 ಡೆಸಿಬಲ್ ಕಡಿತ ಮತ್ತೆ ಹಾಕಿದಳು. ತೊಪ್ಪಿ ರಟ್ಟಾಯಿತು. ಕಡಿತವನ್ನು ಹಾಗೇ ಇಟ್ಟು, ಬಲಗಡೆಯ ಅಲೆಯನ್ನು ತಂತ್ರಾಂಶದಲ್ಲೇ ತಲೆಕೆಳಗು ಮಾಡಿದಳು. ಮತ್ತೆ ಘುಂ.

"ಎಡಗಡೆ ಹೊಡೆದಾಗ ಆ ಚರ್ಮ ಒಳಗೆ ಹೋಗುತ್ತೆ. ಒಳಗಿನ ಗಾಳಿ ಬಲಗಡೆ ಚರ್ಮಾನ ಹೊರಗೆ ತಳ್ಳುತ್ತೆ. ಒಂದು ಮೈಕಿಂದ ಚರ್ಮ ದೂರ ಹೋಯ್ತು, ಇನ್ನೊಂದಕ್ಕೆ ಹತ್ತಿರ ಬಂತು. ಎರಡೂ ಉಲ್ಟಾ. ಅದಕ್ಕೇ ಆ ಮೈಕ್‌ಸೆಟ್ ಹುಡುಗ ಗುಂಡಿ ಒತ್ತು ಅಂದಿದ್ದು, ಒಂದನ್ನ ತಿರುಗಿಸಿ ಎರಡೂ ಸೇರೋ ಹಾಗೆ. ಇನ್ನು ಈ ಫಿಲ್ಟರ್ ಇದೆಯಲ್ಲ, ಕಡಿಯೋ ಜಾಗದಲ್ಲಿ ಫೇಸನ್ನ 6 ಡೆಸಿಬಲ್ಲಿಗೆ 45 ಡಿಗ್ರಿ ತಿರುಗಿಸುತ್ತೆ. ನೀನು ಹಾಕಿರೋದು 24. ಲೆಕ್ಕ ಹಾಕು."

ನಾಲ್ಕು ನಲವತ್ತೈದಲಿ ನೂರೆಂಬತ್ತು, ಅಂದರೆ ಪೂರ್ತಿ ತಲೆಕೆಳಗು. ಹುಡುಗ ತಿರುಗಿಸಿ ಸರಿಮಾಡಿದ್ದನ್ನು ನಾನು ಇನ್ನೊಂದು 180 ಡಿಗ್ರಿ ತಿರುಗಿಸಿ ಮೊದಲಿದ್ದಲ್ಲಿಗೇ ತಂದು ನಿಲ್ಲಿಸಿದ್ದೆ.

"ಆದ್ರೆ ಬಲಗಡೆ ತೊಪ್ಪಿ ನಾದ ಇದ್ದಿದ್ದೇ ಸ್ವಲ್ಪ," ಎಂದು ವಾದಿಸಿದೆ.

"ನೀನು ಬ್ಯಾಂಕಲ್ಲಿದ್ದೋನು ತಾನೆ? ಎಡಗಡೆ ಮೈಕಲ್ಲಿ ನೂರು ರೂಪಾಯಿ ಕ್ರೆಡಿಟ್. ಬಲಗಡೆಗೆ ಸೋರಿದ್ದು ಐವತ್ತು ಅಂದ್ಕೋ, ಅದೂ ಕ್ರೆಡಿಟ್. ಒಟ್ಟು ನೂರೈವತ್ತು. ನಿನ್ನ ಫಿಲ್ಟರ್ ಐವತ್ತನ್ನ ಮೂವತ್ತೈದಕ್ಕೆ ಇಳಿಸ್ತು, ಅಷ್ಟೇ ಆಗಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಜೊತೆಗೆ ಅದನ್ನ ಡೆಬಿಟ್ ಕಡೆಗೆ ಹಾಕ್ತು. ಉಳಿದಿದ್ದು ಅರವತ್ತೈದು."

ಮೂವತ್ತೆರಡು ವರ್ಷ ಖಾತೆ ತಾಳೆ ಹಾಕಿದವನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕಿಲ್ಲ. ಮೊತ್ತ ತಪ್ಪು ಕಾಲಂಗೆ ಬಿದ್ದು ಅರ್ಧಕ್ಕಿಂತ ಹೆಚ್ಚು ಬಾಸ್ ಕಳೆದುಹೋಗಿತ್ತು, ನಾನು ಶಾಖೆಯ ದೀಪಕ್ಕೆ ವೋಲ್ಟೇಜ್ ಸಾಲದೆಂದು ಪತ್ರ ಬರೆಯುತ್ತಿದ್ದೆ.

ಆಮೇಲೆ ಅವಳು ಹೇಳಿದ್ದರಲ್ಲಿ ನನಗೆ ಹಿಡಿದದ್ದು ಇಷ್ಟು. ಡಿಜಿಟಲ್ ಫಿಲ್ಟರ್ ಎಂದರೆ ಒಳಗೆ ಏನೂ ಮಾಯವಿಲ್ಲ. ಈಗ ಬಂದ ಸ್ಯಾಂಪಲ್ಲಿಗೆ ಹಿಂದೆ ಬಂದ ಒಂದೆರಡನ್ನು, ತಾನೇ ಹಿಂದೆ ಕೊಟ್ಟ ಒಂದೆರಡು ಉತ್ತರಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಕೂಡಿಸಿ ಕಳೆಯುವುದು, ಅಷ್ಟೇ. ಹಿಂದಿನದನ್ನು ಬೆರೆಸದೆ ಫಿಲ್ಟರೇ ಇಲ್ಲ. ಹಿಂದಿನದು ಬೆರೆತ ಮೇಲೆ ಅಲೆಯ ಕಾಲ ಅಲುಗದೆ ಇರುವುದು ಹೇಗೆ? ಬೆಲ್ ಲ್ಯಾಬ್ಸ್‌ನಲ್ಲಿದ್ದ ಹೆಂಡ್ರಿಕ್ ಬೋಡೆ ಎಂಬವರು 1945ರ ಪುಸ್ತಕದಲ್ಲಿ ಇದರ ನಂಟನ್ನು ವಿವರವಾಗಿ ಬರೆದಿದ್ದಾರಂತೆ: ಇಂಥ ಸಾಧಾರಣ ಫಿಲ್ಟರುಗಳಲ್ಲಿ ಗೆರೆ ಎಷ್ಟು ಕಡಿದಾಗಿ ಇಳಿಯುತ್ತದೋ ಫೇಸು ಅಷ್ಟು ತಿರುಗುತ್ತದೆ, ಒಂದು ಗೊತ್ತಿದ್ದರೆ ಇನ್ನೊಂದು ತಾನಾಗಿ ಗೊತ್ತು. ಕಡಿಯುವುದಾದರೆ ಸರಿಯಾಗಿ ಕಡಿಯೋಣ ಎಂದಿದ್ದೆನಲ್ಲ, ಅದರ ಬಿಲ್ಲು ಅದು. 48 ಮಾಡಿದಾಗ ಕಡಿಯುವ ಜಾಗದಲ್ಲಿ 360 ಡಿಗ್ರಿಯಾಗಿ ಅಲ್ಲಿ ಸರಿಹೋಗಿತ್ತು. ಹಳ್ಳ ಮಾತ್ರ ಅಲ್ಲಿಂದೆದ್ದು ಮೇಲಿನ ಸ್ವರಗಳಿಗೆ ವರ್ಗವಾಗಿತ್ತು. ಗುಮ್ಕಿ ಹೋಗುತ್ತ ಅದರೊಳಗೇ ಬೀಳುತ್ತಿತ್ತು.

"ಹಾಗಾದ್ರೆ ಅಷ್ಟು ವರ್ಷ ಟೂ-ಇನ್-ಒನ್ನಿನಲ್ಲಿ ನಗುಮುಖ ಮಾಡಿ ಕೇಳಿದ್ವಲ್ಲ, ಆಗ ಯಾಕೆ ಏನೂ ಆಗ್ಲಿಲ್ಲ?" ಎಂದೆ.

"ಒಂದೇ ಪ್ರತಿ ಇತ್ತು, ಅದಕ್ಕೆ. ಒಂಟಿ ನಾದದಲ್ಲಿ ಫೇಸ್ ತಿರುಗಿದ್ರೆ ನಮ್ಮ ಕಿವಿಗೆ ಸಾಮಾನ್ಯವಾಗಿ ಗೊತ್ತೇ ಆಗಲ್ಲ." ಪರೀಕ್ಷೆಗೆ ಅವಳು ಒಂದು ಹಾಡನ್ನು ಒಮ್ಮೆ ಪೂರ್ತಿ ತಲೆಕೆಳಗಾಗಿ, ಒಮ್ಮೆ ನೇರವಾಗಿ ಹಾಕುತ್ತೇನೆಂದು ಎರಡು ಸಲ ಹಾಕಿ, ಯಾವುದು ಯಾವುದೆಂದು ಕೇಳಿದಳು. ನಾನು ಬಹಳ ವಿಶ್ವಾಸದಿಂದ, "ಇದು ಉಲ್ಟಾ, ಸ್ವಲ್ಪ ಬೇಸರದ ಛಾಯೆ ಇದೆ," ಎಂದೆ. ಎರಡೂ ಸಲ ನೇರವಾದದ್ದನ್ನೇ ಹಾಕಿದ್ದಳು. ಫೇಸ್ ಬದಲಾದರೆ ನಾದದ ಬಣ್ಣ ಬದಲಾಗುವುದಿಲ್ಲವೆಂದು ಹೆಲ್ಮ್‌ಹೋಲ್ಟ್ಸ್ 1863ರಲ್ಲೇ ಬರೆದಿದ್ದರಂತೆ. ಅದು ಪೂರ್ತಿ ಸರಿಯಲ್ಲವೆಂದು ಆಮೇಲಿನವರು ತೋರಿಸಿದರೂ, ನನ್ನ ಕಿವಿಯ ಮಟ್ಟಿಗೆ ಪೂರ್ತಿ ಸರಿ.

ಜಗಳ ಹುಟ್ಟುವುದು ಒಂದೇ ನಾದದ ಎರಡು ಪ್ರತಿಗಳಿದ್ದು, ಒಂದನ್ನು ಮಾತ್ರ ತಿದ್ದಿದಾಗ. ಎರಡು ಮೈಕಿನ ಮೃದಂಗದಲ್ಲಿ ಆಗುವುದು ಅದೇ; ಒಂದು ಟ್ರ್ಯಾಕನ್ನು ನಕಲು ಮಾಡಿ, ನಕಲಿಗೆ ಗೆರೆ ಬಾಗಿಸಿ, ಮೂಲದ ಜೊತೆ ಬೆರೆಸಿದಾಗಲೂ ಅದೇ. ಅದಕ್ಕೆ ಅವಳ ಮದ್ದು ಒಂದೇ ಎರಡೇ! ಕಡಿಯಲೇಬೇಕಾದರೆ ಎರಡಕ್ಕೂ ಒಂದೇ ಫಿಲ್ಟರ್ ಹಾಕು, ಎರಡೂ ಒಟ್ಟಿಗೆ ತಿರುಗಲಿ. ಇಲ್ಲ, ಕಡಿಯುವ ಬದಲು ತಳವನ್ನು ಒಂದು ಮೆಟ್ಟಿಲಿನಷ್ಟು ತಗ್ಗಿಸುವ ಶೆಲ್ಫ್ ಸಾಕು, ಅದರ ತಿರುಗು ಕಡಿಮೆ. ಇಲ್ಲ, ಏರಿಳಿಸದೆ ಫೇಸನ್ನಷ್ಟೇ ತಿರುಗಿಸುವ ಆಲ್-ಪಾಸ್ ಎಂಬುದಿದೆ, ಇನ್ನೊಂದು ಟ್ರ್ಯಾಕಿಗೆ ಹಾಕಿ ಸಮಮಾಡು. ಲೀನಿಯರ್ ಫೇಸ್ ಸಣ್ಣ ತಿದ್ದುಪಡಿಗೆ ಒಳ್ಳೆಯದು; ತಳದಲ್ಲಿ ಕಡಿದಾಗಿ ಬಳಸಿದರೆ ಅದರ ಮೊಳಗು ಪೆಟ್ಟಿನ ಹಿಂದೆ ಮುಂದೆ ಎರಡೂ ಕಡೆ ಸಮವಾಗಿ ಚೆಲ್ಲುತ್ತದೆ. ಪೆಟ್ಟಿನ ನಂತರದ್ದನ್ನು ಪೆಟ್ಟೇ ಮುಚ್ಚುತ್ತದೆ, ಮುಂಚಿನದನ್ನು ಮುಚ್ಚುವವರಿಲ್ಲ.

"ಎಲ್ಲಕ್ಕಿಂತ ಮೊದಲು, ಒಂದೊಂದೇ ಟ್ರ್ಯಾಕನ್ನ ಬೇರೆ ಬೇರೆ ಕೇಳಿ ತೀರ್ಮಾನ ಮಾಡಬೇಡ ಮಾಮ. ಎರಡನ್ನೂ ಸೇರಿಸಿ, ಮೋನೋ ಮಾಡಿ ಕೇಳು."

"ಬಲಗಡೆ ಏನು ಮಾಡೋಣ ಈಗ?" ಎಂದೆ, ಬಳಪ ಹಿಡಿದು.

"ಏನೂ ಬೇಡ. ತೊಪ್ಪಿ ನಾದ ಬಲಗಡೆ ಮೈಕಲ್ಲಿ ಇದ್ರೆ ನಿಂಗೇನು ಕಷ್ಟ? ಮೃದಂಗ ಒಂದೇ ಅಲ್ವಾ?"

ಅವಳು ಹೋದ ಮೇಲೆ ನಾನು ಕಡೆಯ ರೆಕಾರ್ಡಿಂಗಿನ ಫಿಲ್ಟರುಗಳನ್ನೆಲ್ಲ ಕಿತ್ತುಹಾಕಿ ಕೇಳಿದೆ. ಆಗ ಎದುರಾದದ್ದು ನಾನು ಲೆಕ್ಕಕ್ಕೆ ಹಿಡಿಯದೆ ಬಿಟ್ಟಿದ್ದ ಸಂಗತಿ: ರವೆ. ನನ್ನ ಹಳ್ಳ ತುಂಬಿಸಲು ಮೇಷ್ಟ್ರು ದಿನೇ ದಿನೇ ಮೆತ್ತಿಕೊಂಡು ಬಂದಿದ್ದ ಬಾಂಬೆ ರವೆಯ ಗುಡ್ಡ ಈಗ ಯಾವ ಅಡ್ಡಿಯೂ ಇಲ್ಲದೆ ನುಡಿಯಿತು. ಕಿಟಕಿಯ ಚಿಲಕ ಕಳಚಿತು. ನಾದವಲ್ಲ ಅದು, ಮನೆಯ ಮುಂದೆ ಜಲ್ಲಿ ಲಾರಿ ಅನ್‌ಲೋಡ್ ಆಗುತ್ತಿತ್ತು. ಮೊದಲ ದಿನದ ರೆಕಾರ್ಡಿಂಗನ್ನೇ ಕೊಟ್ಟುಬಿಡೋಣವೆಂದರೆ ಅದನ್ನು ಮೇಷ್ಟ್ರು ಆಗಲೇ ತಿರಸ್ಕರಿಸಿದ್ದಾರೆ. ಅದೇ ಈಗ ಹೇಗೆ ಗುಣವಾಯಿತು ಎಂದರೆ ಏನು ಹೇಳಲಿ? ಇನ್ನೊಮ್ಮೆ ಕೂರಬೇಕು, ಹಳೆಯ ಅಳತೆಯ ರವೆಯಲ್ಲಿ.

ಹೋಗಿ ಹೇಳಿದೆ. "ಮೇಷ್ಟ್ರೆ, ರವೆ ಒಂಚೂರು ಕಮ್ಮಿ ಮಾಡಿ ನೋಡೋಣ್ವೆ?"

ಅವರು ಕನ್ನಡಕದ ಮೇಲಿಂದ ನೋಡಿದರು. "ಹೆಚ್ಚು ಮಾಡಿ ಅಂದೋರು ನೀವೇ."

"ಹೌದು, ಆದ್ರೆ..."

"ಐವತ್ತು ವರ್ಷ ನುಡಿಸಿದೀನಿ. ಕೊನೇಗೆ ನಿಮ್ಮ ಮಾತು ಕೇಳಿದ ಮೇಲೇ ನನ್ನ ತೊಪ್ಪಿ ಎಲ್ಲಿ ಸೋಲ್ತಿದೆ ಅಂತ ಗೊತ್ತಾಗಿದ್ದು. ಈಗ ಹಿಂದಕ್ಕೆ ಹೋಗು ಅಂತೀರಲ್ಲ." ಅವರ ದನಿಯಲ್ಲಿ ಗುರುವಿಗೆ ಸಲ್ಲಬೇಕಾದ ಗೌರವವಿತ್ತು, ಅದು ನನ್ನ ಕಡೆಗೆ ತಿರುಗಿತ್ತು. ಸತ್ಯ ಹೇಳಲು ಅದಕ್ಕಿಂತ ಒಳ್ಳೆಯ ಸಂದರ್ಭವಿರಲಿಲ್ಲ. ನಾನು ಮಳೆಯ ಬಗ್ಗೆ ಮಾತಾಡಿ ಎದ್ದುಬಂದೆ.

ಕಾಪಾಡಿದವರು ಅವರ ಮನೆಯವರು. ಸೊಸೆಯ ತವರಿನವರು ಬರುತ್ತಾರೆಂದು ಡಬ್ಬಿಯಲ್ಲಿದ್ದ ಬಾಂಬೆ ರವೆಯನ್ನೆಲ್ಲ ಕೇಸರಿಬಾತು ಮಾಡಿಬಿಟ್ಟಿದ್ದರು. ನಮ್ಮಲ್ಲಿಗೆ ಹೊರಟ ಮೇಷ್ಟ್ರಿಗೆ ಸಿಕ್ಕಿದ್ದು ಪೊಟ್ಟಣದ ತಳದಲ್ಲಿ ಉಳಿದಿದ್ದ ಹಳೆಯ ಚಿರೋಟಿ ರವೆ, ಒಂದು ಹಿಡಿ. ಗೊಣಗುತ್ತ ಅಷ್ಟನ್ನೇ ನಾದಿ ಮೆತ್ತಿದರು. ನಾನು ಗುಂಡಿ ಒತ್ತಿದ್ದೇನೆಯೇ ಎಂದು ನೋಡಿಕೊಂಡು, ಇಲಿಯನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿ ಕೂತೆ. ಆ ದಿನದ ಗುಮ್ಕಿ ಕೆಳಗಿನಿಂದ ಹೊರಟದ್ದು ಮೇಲಿನವರೆಗೆ ಇಡಿಯಾಗಿ ಹೋಯಿತು. ಮುಟ್ಟದೆ, ತಿದ್ದದೆ, ಹಾಗೇ ಕಳಿಸಿದೆ.

ಸಂಜೆ ಮೇಷ್ಟ್ರು ಬೀದಿ ದಾಟಿ ಓಡಿಬಂದರು, ಆ ವಯಸ್ಸಿನಲ್ಲಿ ಓಡಬಹುದಾದಷ್ಟು. "ಸಿಕ್ತು ರೀ! ಪ್ರಮಾಣ ಅಲ್ಲವೇ ಅಲ್ಲ. ಜಾತಿ! ಬಾಂಬೆ ರವೆ ತರಿತರಿಯಾಗಿರುತ್ತೆ, ನಾದ ತಡೆಯುತ್ತೆ. ಚಿರೋಟಿ ರವೆಯ ನುಣುಪಿದೆಯಲ್ಲ, ಅದರಲ್ಲಿದೆ ಗುಟ್ಟು!"

"ಮೊದಲ ದಿನವೂ ಚಿರೋಟಿ ರವೆನೇ ಅಲ್ವೆ ಮೇಷ್ಟ್ರೆ?" ಎಂದು ಕೇಳಿದವಳು ನನ್ನ ಹೆಂಡತಿ. ಮೇಷ್ಟ್ರು ಕ್ಷಣ ಯೋಚಿಸಿ, "ಅದು ಹೊಸದು ತಾಯಿ. ಇದು ಹಳತು, ಪಕ್ವವಾಗಿತ್ತು," ಎಂದರು. ಹೆಂಡತಿ ನನ್ನ ಕಡೆ ನೋಡಿದಳು. ನಾನು ಹಾಲು ತರಲು ಹೊರಟೆ.

ಈಗ ಭಾನುವಾರದ ತರಗತಿಯಲ್ಲಿ ಮಕ್ಕಳೆಲ್ಲ ಹಳೆಯ ಚಿರೋಟಿ ರವೆಯನ್ನೇ ತರಬೇಕೆಂದು ಕಟ್ಟಪ್ಪಣೆಯಾಗಿದೆ. ಮೊನ್ನೆ ಒಬ್ಬ ಹುಡುಗನ ತಾಯಿ ಫೋನು ಮಾಡಿ, ಇದನ್ನು ಕಂಡುಹಿಡಿಯುವಾಗ ಮೇಷ್ಟ್ರ ಜೊತೆ ನೀವೂ ಇದ್ದಿರಂತಲ್ಲ, ಆರು ತಿಂಗಳ ಹಿಂದಿನ ರವೆ ಎಲ್ಲಿ ಸಿಗುತ್ತೆ ಎಂದು ಕೇಳಿದರು. ಡಿ.ವಿ.ಜಿ. ರಸ್ತೆಯಲ್ಲಿ, ವ್ಯಾಪಾರ ಅಷ್ಟಾಗಿ ಇಲ್ಲದ ಯಾವ ಅಂಗಡಿಯಲ್ಲಾದರೂ ವಿಚಾರಿಸಿ ಎಂದೆ.